ಏಣಿ ಹಿಡಿದವನು

"ಇಳಿಯೋ ಕೆಳಗೆ! ನನ್ನ ಬೋರ್ಡಿಂದ ಕೈ ತೆಗಿ!"

ಯಮುನ ಬೀಸಿ ಎಸೆದ ಸ್ಪ್ಯಾನರ್ ಗುರಿ ತಪ್ಪಲಿಲ್ಲ. ಏಣಿಯ ಮೇಲಿದ್ದವನ ಹುಬ್ಬು ಒಡೆದು ರಕ್ತ ಕೆನ್ನೆಗಿಳಿಯಿತು. ಆದರೂ ಅವನು ಬಣ್ಣದ ಡಬ್ಬಿ ಬಿಡದೆ ಮೆಲ್ಲನೆ ಇಳಿದು ಬಂದ. ಊರಿನ ಬೋರ್ಡು ಬರೆಯುವ ಪೇಂಟರ್ ಶಾಂತಪ್ಪ!

ಅಬ್ಬಾ, ಈ ಹುಡುಗಿಯ ಸಿಟ್ಟೇ! ಆದರೆ ಅವಳ ಹೊಟ್ಟೆಯ ಉರಿ ಅವಳಿಗೇ ಗೊತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಅದು. ಅಂಗಡಿಯವರೆಲ್ಲ ಹಳೆಯ ಹಲಗೆ ಇಳಿಸಿ ಹೊಸ ಬೋರ್ಡ್ ಹಾಕಿಸುತ್ತಿದ್ದರು. ತೀರಿಕೊಂಡ ತಾಯಿಯ ಚಿನ್ನದ ಸರ, ಜೋಮಾಲೆ ಮಾರಿ, ಯಮುನ ಮೈಸೂರಿನ ಕಂಪನಿಯೊಂದರ ಎನಾಮಲ್ ಬೋರ್ಡುಗಳ ಏಜೆನ್ಸಿ ತೆಗೆದುಕೊಂಡಿದ್ದಳು. ಹಾಕಿದ ಬೋರ್ಡು ಹಾಳಾಗಿದ್ದು ಕಂಡರೆ ಏಜೆನ್ಸಿ ರದ್ದು. ಸೋಮವಾರ ಕಂಪನಿಯವರು ನೋಡಲು ಬರುವವರಿದ್ದರು. ಅಷ್ಟರಲ್ಲಿ ಯಾರೋ ಅವಳೂರು ಮಾದಾಪುರದಲ್ಲಿ ಅವಳು ಹಾಕಿದ ಬೋರ್ಡುಗಳಿಗೆ ಕೋವಿಯಿಂದ ಗುಂಡು ಹೊಡೆಯುತ್ತಿದ್ದರು!

"ನಿಮ್ಮ ಕುಂಚಕ್ಕೆ ಕೆಲ್ಸ ಇಲ್ಲದ ಹಾಗೆ ಮಾಡಿದೆ ಅಂತ ತಾನೆ ಈ ಸೇಡು?"

"ನನ್ನತ್ರ ಕೋವಿನೇ ಇಲ್ಲ ಕಣ್ರೀ."

"ಸುಳ್ಳು!"

ಅವನು ಅಂಗಿಯ ತೋಳಿನಿಂದ ರಕ್ತ ಒರೆಸಿಕೊಂಡು ಹೊರಟೇಹೋದ.

ಯಮುನ ಧುಮುಗುಡುತ್ತಾ ಏಣಿ ಹತ್ತಿದಳು. ಗುಂಡು ಬಿದ್ದ ತೂತನ್ನು ಯಾರೋ ತಗಡಿನ ತುಂಡಿಟ್ಟು ಮುಚ್ಚಿದ್ದರು. ಮೇಲೆ ಅದೇ ನೀಲಿ, ಇನ್ನೂ ಹಸಿ! ಓಡಿಹೋಗಿ ಸೇತುವೆ ಹತ್ತಿರದ ಬೋರ್ಡು ನೋಡಿದಳು. ಅಲ್ಲೂ ಹಾಗೇ. ಶಾಲೆಯ ಮುಂದಿನದರಲ್ಲೂ...

'ಅಯ್ಯೋ ದೇವರೇ... ರಿಪೇರಿ ಮಾಡ್ತಿದ್ದವನ ತಲೆ ಒಡೆದುಬಿಟ್ಟೆನಲ್ಲ!'

ಮರುದಿನ ಬೆಳಿಗ್ಗೆ ಗಾಯಕ್ಕೆ ಮುಲಾಮು ಹಿಡಿದು ಅವನ ಮನೆಗೆ ಹೊರಟಳು. ದಾರಿಯಲ್ಲಿದ್ದಾಗಲೇ ಕೇಳಿತು...

ಢಂ! ಢಂ!

ತೋಟದಲ್ಲಿ ಕಾಫಿ ಕುಯ್ಯುತ್ತಿದ್ದ ಹೆಂಗಸರು ಹಾಗೇ ನಿಂತರು. ಈ ಸೀಮೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು. ಒಂದರ ಬೆನ್ನಿಗೇ ಇನ್ನೊಂದು ಹಾರಿದರೆ ಸಾವು.

"ಯಾರು ಹೋದ್ರೋ ಪಾಪ..." ಮುದುಕಿ ಜವರಿ ಕೈ ಮುಗಿದಳು.

ಸದ್ದು ಬಂದದ್ದು ಸೇತುವೆಯ ಕಡೆಯಿಂದ. ಅವಳ ಬೋರ್ಡಿನ ಕಡೆಯಿಂದ!

'ಶಾಂತಪ್ಪಾ... ನಿಮ್ಮ ಹತ್ರ ಕ್ಷಮೆನೂ ಕೇಳ್ಲಿಲ್ಲವಲ್ಲ ನಾನು!' ಯಮುನ ಸೆರಗು ಸಿಕ್ಕಿಸಿ ಓಡಿದಳು. ಕಣ್ಣೀರಿಗೆ ದಾರಿಯೇ ಕಾಣಲಿಲ್ಲ.

ಸೇತುವೆಯ ಬಳಿ ಬೋರ್ಡು ಜರಡಿಯಾಗಿ, ಎನಾಮಲ್ ಚೂರುಚೂರಾಗಿ ಉದುರಿತ್ತು. ತೋಳಿಗೆ ಕೋವಿಯ ಚರೆಗುಂಡು ತಗುಲಿ ಶಾಂತಪ್ಪ ನೆಲಕ್ಕೆ ಬಿದ್ದಿದ್ದ. ಅವನ ಬೆನ್ನಿಗೆ ಕೋವಿಯ ಹಿಡಿಯಿಂದ ಜಜ್ಜುತ್ತಿದ್ದವನು ಅವಳ ಸ್ವಂತ ಸೋದರಮಾವನ ಮಗ! ಅವಳು ಮದುವೆಗೆ ಒಲ್ಲೆ ಎಂದಿದ್ದ ನಾಣಯ್ಯ!

"ನೀನಾ ಬಾವ?!"

"ಏಜೆನ್ಸಿ ಹೋದ್ರೆ ಎಲ್ಲಿಗೆ ಹೋಗ್ತೀಯಾ? ನನ್ನ ಮನೆಗೇ ಬರ್ಬೇಕು! ಇವನೊಬ್ಬ ಅಡ್ಡ ಬಂದ..."

ಅವನು ಮತ್ತೆ ಕೋವಿ ಎತ್ತಿದ. ಯಮುನ ಬಿದ್ದಿದ್ದ ಏಣಿಯನ್ನೆತ್ತಿ ಅವನ ಎದೆಗೆ ಗುದ್ದಿದಳು. ಕೈತಪ್ಪಿದ ಕೋವಿಯನ್ನೇ ತೆಗೆದುಕೊಂಡು ಮುಂಗೈಗೆ ಬಾರಿಸಿದಳು. ಲಟಕ್! ಎಂದು ಮೂಳೆ ಮುರಿಯಿತು. ನಾಣಯ್ಯ ಅರಚುತ್ತಾ ಚರಂಡಿಗೆ ಬಿದ್ದ. ಹಿಂದೆಯೇ ಓಡಿಬಂದ ತೋಟದವರು ಅವನನ್ನು ಹಿಡಿದು ಪೊಲೀಸರ ಕಡೆಗೆ ಎಳೆದುಕೊಂಡು ಹೋದರು.

ಯಮುನ ಶಾಂತಪ್ಪನ ತಲೆಯನ್ನು ಮಡಿಲಿಗೆ ಎತ್ತಿಕೊಂಡಳು. "ಎರಡು ಗುಂಡು ಕೇಳಿ ನನ್ನ ಜೀವಾನೇ ಹೋಯ್ತು... ನಿಮ್ಮ ಅನ್ನ ಕಿತ್ಕೊಂಡವಳಿಗಾಗಿ ಯಾಕ್ರೀ ಇಷ್ಟೆಲ್ಲ?"

"ಮೊದಲ್ನೇ ಬೋರ್ಡ್ ಹಾಕೋವಾಗ ನೀವೇ ಏಣಿ ಹತ್ತಿದ್ರಲ್ಲ, ಬಜಾರೆಲ್ಲ ನಗ್ತಿತ್ತು. ಕೆಳಗೆ ಏಣಿ ಹಿಡಿದಿದ್ದು ನಾನು. ನೀವು ಒಂದ್ಸಲನೂ ಕೆಳಗೆ ನೋಡ್ಲಿಲ್ಲ... ಅವತ್ತಿಂದ ನನ್ನ ಮನಸ್ಸು ನನ್ನತ್ರ ಇಲ್ಲ ಯಮುನ."

ಅವಳಿಗೆ ಅಳು, ನಗು ಒಟ್ಟಿಗೇ ಉಕ್ಕಿತು.

"ಸೋಮವಾರ ಏಜೆನ್ಸಿ ಹೋಗುತ್ತಲ್ರೀ," ಎಂದ ಅವನು, ಚೂರುಗಳತ್ತ ನೋಡಿ.

"ಹೋದ್ರೆ ಹೋಗ್ಲಿ. ನಮ್ಮದೇ ಬೋರ್ಡ್ ಅಂಗಡಿ ಹಾಕೋಣ. ನೀವು ಬರೀರಿ, ನಾನು ಹತ್ತಿ ಹಾಕ್ತೀನಿ. ಕೆಳಗೆ ಏಣಿ ಹಿಡೀತೀರಾ?"

"ಈ ಸಲ ಕೆಳಗೆ ನೋಡ್ತೀರಾ?"

ಯಮುನ ಬಾಗಿ, ತಾನೇ ಒಡೆದ ಆ ಹುಬ್ಬಿಗೆ ತುಟಿಯೊತ್ತಿದಳು.

"ನೋಡ್ತಾನೇ ಇದ್ದೀನಲ್ಲ..."