ಸಪ್ಪೆ ಎಂದ ಕಷಾಯ

ಚಹಾ ಕಂಪನಿಯ ರುಚಿ ನೋಡುವ ಕೋಣೆಗೆ ಮೆಕ್ಯಾನಿಕ್ ಕಾಲಿಡುವುದೇ ಅಪರೂಪ. ಅಂದು ಬಂದವನು, ಸಾಲಾಗಿ ಜೋಡಿಸಿದ್ದ ಬಿಳಿ ಬಟ್ಟಲುಗಳ ಪಕ್ಕದಲ್ಲಿ ತನ್ನ ಫ್ಲಾಸ್ಕಿನ ಮುಚ್ಚಳ ತುಂಬಿಸಿ, ರುಚಿ ನೋಡುತ್ತಾ ಕೂತಿದ್ದವಳ ಮುಂದೆ ಇಟ್ಟ.

"ಶುಂಠಿ, ಮೆಣಸು, ಜೇನು. ನಾನೇ ಕಾಯಿಸಿದ್ದು. ಗಂಟಲಿಗೆ ಹಿತವಾಗುತ್ತೆ, ಕುಡೀರಿ."

ಅವಳು ಬೆಚ್ಚಿದಳು. ನನಗೆ ನೆಗಡಿಯಾಗಿದೆ ಎಂದು ಇವನಿಗೆ ಹೇಳಿದವರು ಯಾರು?

ರುಚಿ ನೋಡುವವರಿಗೆ ನೆಗಡಿಯಾದರೆ ರಜೆ ಹಾಕಬೇಕು, ಅದು ಅಲ್ಲಿಯ ನಿಯಮ. ಆದರೆ ಅವಳಿಗೆ ಮೊದಲ ಕುರ್ಚಿ, ಅಂದರೆ ಕೊನೆಯ ತೀರ್ಪು ಹೇಳುವವರ ಜಾಗ, ಸಿಕ್ಕಿದ್ದೇ ಆಗಷ್ಟೆ. ರಜೆ ಹಾಕಿದರೆ ಅದು ಬೇರೆಯವರ ಪಾಲಾದೀತೆಂದು, ಸೀನನ್ನೂ ನುಂಗಿಕೊಂಡು, ಬಣ್ಣ ನೋಡಿ ಅಂದಾಜಿನ ಮೇಲೆ ಚಹಾ ಒಪ್ಪುತ್ತಾ ಕೂತಿದ್ದಳು ಮಹಾತಾಯಿ. ಪಕ್ಕದಲ್ಲಿ ಮ್ಯಾನೇಜರು ಬೇರೆ!

ಬೇರೆ ದಾರಿ ಕಾಣಲಿಲ್ಲ. ಚಹಾದಂತೆಯೇ ಸುರ್ರೆಂದು ಹೀರಿದಳು. ಕಟ್ಟಿದ ಮೂಗಿಗೆ ಏನೂ ತಿಳಿಯಲಿಲ್ಲ. ಬಾಯಲ್ಲಾಡಿಸಿ, ಕೆಲಸದ ಅಭ್ಯಾಸದಂತೆ ಪಕ್ಕದ ಪಾತ್ರೆಗೆ ಉಗಿದಳು.

"ಸಪ್ಪೆ."

ಕೋಣೆಯೆಲ್ಲ ನಕ್ಕಿತು. ಅವಳ ನಾಲಿಗೆಯ ತೀರ್ಪಿಗೆ ಅಲ್ಲಿ ಎದುರಾಡುವವರಿರಲಿಲ್ಲ. ಅವನೂ ನಗಲು ನೋಡಿದ... ಆಗಲಿಲ್ಲ. ಫ್ಲಾಸ್ಕನ್ನು ಅಲ್ಲೇ ಬಿಟ್ಟು ಹೊರಟುಹೋದ.

ಬಟ್ಟಲು ತೊಳೆಯುವ ಅಕ್ಕ ಉಳಿದದ್ದನ್ನು ಕುಡಿದು ಕಣ್ಣೊರೆಸಿಕೊಂಡಳು.

"ಇದನ್ನ ಸಪ್ಪೆ ಅಂದ್ಯಲ್ಲೇ, ಗಂಟಲು ಉರೀತಿದೆ. ಪಾಪ, ನೀನು ಮೂಟೆಗಳ ಹಿಂದೆ ಸೀನಿದ್ದು ಅವನಿಗೆ ಕೇಳಿಸಿತ್ತಂತೆ. ಅವರಿಗೆ ಖಾರ ಆಗುತ್ತಾ ಅಂತ ನನ್ನ ಹತ್ತಿರ ಎಷ್ಟು ಸಲ ಕೇಳಿದ ಗೊತ್ತಾ?"

ಅವಳು ತಲೆ ತಗ್ಗಿಸಿದಳು.

ನೆಗಡಿ ಹೋಯಿತು, ನಾಚಿಕೆ ಹೋಗಲಿಲ್ಲ. ಅವನು ಹೊಳೆಯಾಚೆಯ ಗೋದಾಮಿಗೆ ಕೇಳಿಕೊಂಡು ವರ್ಗವಾಗಿ ಹೋದ. ಎಲ್ಲರ ಬಾಯಲ್ಲೂ ಅವನೀಗ 'ಸಪ್ಪೆರಾಯ'. ಆ ಹೆಸರು ಕೇಳಿದಾಗಲೆಲ್ಲ ಅವಳಿಗೆ ಚುರುಕ್ಕೆನ್ನುತ್ತಿತ್ತು. ಹೋಗಿ ಕ್ಷಮೆ ಕೇಳಬೇಕೆಂದು ಫ್ಲಾಸ್ಕನ್ನು ಚೀಲಕ್ಕೆ ಹಾಕುವಳು, ಮತ್ತೆ ತೆಗೆದಿಡುವಳು. ನಿಜ ಹೇಳಿದರೆ ಆ ದಿನ ಒಪ್ಪಿದ ಚಹಾದ ಕಥೆಯೂ ಹೊರಬರುತ್ತದೆ, ಕುರ್ಚಿ ಹೋಗುತ್ತದೆ. ಹೀಗೇ ಮೀನಮೇಷ ಎಣಿಸುತ್ತಾ ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು.

ಮತ್ತೆ ಚಳಿ ಬಂದಾಗ ಅಕ್ಕನೇ ಸುದ್ದಿ ತಂದಳು. ಸಪ್ಪೆರಾಯನಿಗೆ ವಿಪರೀತ ನೆಗಡಿ, ಒಂದು ಲೋಟ ಬಿಸಿನೀರು ಕೊಡುವವರೂ ಇಲ್ಲವಂತೆ.

ಮರುದಿನ ಅವಳು ಮನೆಯಲ್ಲೇ ಕಷಾಯ ಕಾಯಿಸಿ ಅವನ ಫ್ಲಾಸ್ಕಿಗೆ ತುಂಬಿಕೊಂಡು ಬಂದಳು. ಮೊದಲು ಹೋಗಿದ್ದು ಮ್ಯಾನೇಜರ ಬಳಿಗೆ. ಎಲ್ಲರ ಮುಂದೆ ನಿಂತು ಆ ದಿನದ ನೆಗಡಿಯನ್ನೂ ಸುಳ್ಳನ್ನೂ ಒಪ್ಪಿಕೊಂಡಳು. ಅವಳನ್ನು ಕೊನೆಯ ಕುರ್ಚಿಗೆ ಕಳಿಸಿದರು. ಅರ್ಧ ದಿನದ ರಜೆ ಕೇಳಿ ಸೇತುವೆ ದಾಟಿದಳು.

ಅವನು ಮಫ್ಲರ್ ಸುತ್ತಿಕೊಂಡು ಯಂತ್ರದ ಪಟ್ಟಿ ಬಿಗಿಯುತ್ತಿದ್ದ. ತನ್ನ ಫ್ಲಾಸ್ಕನ್ನು ನೋಡಿದ, ಅವಳನ್ನು ನೋಡಿದ, ಅವಳು ಮುಚ್ಚಳಕ್ಕೆ ಬಗ್ಗಿಸಿಕೊಟ್ಟದ್ದನ್ನು ಒಂದು ಗುಟುಕು ಕುಡಿದ.

"ಏನೂ ಗೊತ್ತಾಗ್ತಿಲ್ಲ," ಎಂದ. "ಬರೀ ಬಿಸಿನೀರು ಕುಡಿದ ಹಾಗಿದೆ."

ಅವಳ ಕಣ್ಣು ತುಂಬಿತು.

"ಆವತ್ತು ನನಗೂ ಹೀಗೇ ಆಗಿತ್ತು. ಹೇಳೋ ಧೈರ್ಯ ಇರಲಿಲ್ಲ. ನನ್ನ ಕುರ್ಚಿ ಉಳಿಸ್ಕೊಳ್ಳೋಕೆ ನಿಮ್ಮನ್ನ ನಗೆಪಾಟಲು ಮಾಡಿದೆ. ಇವತ್ತು ಎಲ್ಲರ ಮುಂದೆ ನಿಜ ಹೇಳಿ ಬಂದೆ."

ಅವನು ಮುಚ್ಚಳವನ್ನು ಕೈಯಲ್ಲೇ ತಿರುಗಿಸಿದ.

"ಸಪ್ಪೆ ಅಂದಿದ್ದು ಪರವಾಗಿಲ್ಲ. ಉಗಿದ್ರಲ್ಲ... ಅದು ಮರೆಯೋಕಾಗಲಿಲ್ಲ."

ಅವಳು ತನ್ನನ್ನೇ ಬೈದುಕೊಂಡಳು. ಆವತ್ತೇ ಸಂಜೆ ಬಂದಿದ್ದರೆ... ಒಂದು ಮಾತಿಗೆ ಹೆದರಿ ಇಡೀ ವರ್ಷ ಕಳೆದುಕೊಂಡೆನಲ್ಲ! ಅವನ ಕೈಯಿಂದ ಮುಚ್ಚಳ ತೆಗೆದುಕೊಂಡು ಉಳಿದದ್ದನ್ನು ಕುಡಿದಳು. ಮೆಣಸಿನ ಖಾರ ನೆತ್ತಿಗೇರಿತು. ಕೊನೆಯ ಹನಿಯವರೆಗೂ ನುಂಗಿದಳು.

ಅವನು ನೋಡುತ್ತಲೇ ಇದ್ದ.

"ನನ್ನ ನೆಗಡಿ ನಿಮಗೆ ಅಂಟ್ಕೊಳ್ಳುತ್ತೆ."

"ಅಂಟ್ಕೊಳ್ಳಲಿ. ಆಗ ನೀವು ಕಾಯಿಸಿ ತನ್ನಿ."

ಅವನು ಖಾಲಿ ಮುಚ್ಚಳವನ್ನು ಈಸಿಕೊಂಡು ಫ್ಲಾಸ್ಕಿಗೆ ಬಿಗಿದ. ಆಮೇಲೆ, ಹಿಂದಿನ ವರ್ಷ ಅಕ್ಕನನ್ನು ಕೇಳಿದ್ದನ್ನು ಈಗ ಅವಳನ್ನೇ ಕೇಳಿದ.

"ನಿಮಗೆ ಖಾರ ಆಗುತ್ತಾ?"

"ಆಗುತ್ತೆ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಆದರೂ ಕುಡೀತೀನಿ."