ಕೆಂಚನ ಎಡಗಾಲಿನ ಲಾಳ

“ಮದುವೆ ಯಾವಾಗ ಸಾ?”

ಅವಳು ನನ್ನನ್ನು ಕೇಳಿದ ಮೊದಲ ಮಾತು ಅದು. ಕುದುರೆ ಬಾಡಿಗೆಗೆ ಬೇಕಿತ್ತು ಎಂದಷ್ಟೇ ನಾನು ಹೇಳಿದ್ದೆ. ಬೇಯಿಸಿದ ಹುರುಳಿಯ ಬಕೆಟ್ಟನ್ನು ಕೈಯಲ್ಲಿ ಹಿಡಿದೇ, ನನ್ನನ್ನು ಚಪ್ಪಲಿಯಿಂದ ಕನ್ನಡಕದವರೆಗೆ ಒಮ್ಮೆ ಅಳೆದಳು. “ಗಂಡೇ ಬಂದು ಕುದುರೆ ಗೊತ್ತು ಮಾಡೋದು ನಾನ್ ನೋಡಿದ್ದು ಇದೇ ಫಸ್ಟು. ಮನೇಲಿ ಬೇರೆ ಯಾರೂ ಇಲ್ವಾ?”

“ಮದುವೆಗಲ್ಲ. ರಾಜ್ಯೋತ್ಸವದ ಮೆರವಣಿಗೆಗೆ.”

“ಓ, ಬರೀ ಮೆರವಣಿಗೆ. ಹೆಣ್ಣಿಲ್ಲ.” ತುಟಿ ಅಲುಗಲಿಲ್ಲ, ಕಣ್ಣು ಮಾತ್ರ ನಕ್ಕಿತು.

ಅದು 2003ರ ಅಕ್ಟೋಬರ್. ನರಸೀಪುರದ ಹೈಸ್ಕೂಲಿಗೆ ಗಣಿತದ ಮೇಷ್ಟರಾಗಿ ಬಂದು ನನಗೆ ನಾಲ್ಕು ತಿಂಗಳಾಗಿತ್ತು. ತಲಕಾಡಿನ ಗಂಗರ ದೊರೆಯೊಬ್ಬನನ್ನು ಈ ಸಲ ಕುದುರೆ ಮೇಲೆ ಕೂರಿಸಿ ಮೆರೆಸಬೇಕೆಂದು ಹೆಡ್‌ಮಾಸ್ಟರು ಹಟ ಹಿಡಿದಿದ್ದರು. ಸ್ಕೂಲಿನಲ್ಲಿ ಎತ್ತರದ ಆಳು ನಾನೇ. ಬೇಡವೆಂದರೂ ಕೇಳಲಿಲ್ಲ. ತಾಲ್ಲೂಕಿನ ಮದುವೆಗಳಿಗೆಲ್ಲ ಕುದುರೆ ಕೊಡುವ ರೋಜಾಳ ಮನೆ ಹೊಳೆಬೀದಿಯ ಕೊನೆಯಲ್ಲಿದೆ ಎಂದು ಕಳಿಸಿಕೊಟ್ಟರು.

“ಹತ್ತೋಕೆ ಬರತ್ತಾ ಮೇಷ್ಟ್ರೇ?”

“ಇಲ್ಲ,” ಎಂದೆ. ಅದು ಅವಳಿಗೆ ನಾನು ಹೇಳಿದ ಮೊದಲ ಸುಳ್ಳು.

“ಸುಬ್ಬಿ ಸಾಧು. ಒಂದ್ಸಲ ಹತ್ತಿ ನೋಡಿ.”

ಬಿಳಿಯ ಹೆಣ್ಣುಕುದುರೆಯ ಹತ್ತಿರ ಹೋದೆ. ನನಗೆ ತಿಳಿಯುವ ಮೊದಲೇ ಬೆನ್ನು ಬಾಗಿತು. ಸುಬ್ಬಿಯ ಮುಂದಿನ ಎಡಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಲಾಳದ ಮೊಳೆಗಳ ಮೇಲೆ ಹೆಬ್ಬೆರಳು ಆಡಿಸಿ, ಬಿಗಿಯಾಗಿವೆ ಎಂದು ನೋಡಿಕೊಂಡು ಕಾಲನ್ನು ಕೆಳಗಿಟ್ಟೆ.

“ಕುದುರೆ ಗೊತ್ತಿಲ್ದೋರು ಕಾಲೆತ್ತಿ ನೋಡಲ್ಲ ಮೇಷ್ಟ್ರೇ.”

“ಎಲ್ಲೋ ಓದಿದ್ದೆ.”

“ಗಣಿತದ ಬುಕ್ಕಲ್ಲಾ?”

ಅಷ್ಟರಲ್ಲಿ ಒಳಗಿನಿಂದ ಕೆಮ್ಮಿದ ಸದ್ದಾಯಿತು. “ಯಾರವ್ವಾ ಬಂದಿರೋರು?” ಎನ್ನುತ್ತ ಒಬ್ಬ ಮುದುಕ ಹೊಸಿಲಿಗೆ ಬಂದು ನಿಂತ. ಕಣ್ಣಿಗೆ ಪೊರೆ ಬಂದಿತ್ತು. ನನ್ನ ಕಡೆ ನೋಡಿದ, ಆದರೆ ನನ್ನ ಮುಖ ಅವನಿಗೆ ಕಂಡಂತಿರಲಿಲ್ಲ.

ನನಗೆ ಅವನು ಕಂಡ. ನಂಜನಗೂಡಿನ ಲಾಳದ ನಾಗಯ್ಯ.

“ಯಾವೂರಪ್ಪ?”

“ಮೈಸೂರು,” ಎಂದೆ. ಎರಡನೆಯ ಸುಳ್ಳು.

*

ನನ್ನ ಅಪ್ಪ ಮರಿಯಯ್ಯ ನಂಜನಗೂಡಿನ ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುತ್ತಿದ್ದ. ನಮ್ಮ ಕುದುರೆಯ ಹೆಸರು ಕೆಂಚ. ಜಟಕಾದ ಕುದುರೆಯ ಮೇಲೆ ಯಾರೂ ಹತ್ತುವುದಿಲ್ಲ. ಹತ್ತಿದರೆ ಅದರ ನಡಿಗೆ ಕೆಡುತ್ತದೆ, ಆಮೇಲೆ ಗಾಡಿಗೆ ಒಗ್ಗುವುದಿಲ್ಲ ಎಂಬುದು ಸ್ಟ್ಯಾಂಡಿನವರ ನಂಬಿಕೆ. ನಾನು ಹತ್ತುತ್ತಿದ್ದೆ. ಮಧ್ಯಾಹ್ನ ಅಪ್ಪ ಉಂಡು ಮಲಗಿದಾಗ, ನೀರು ಕುಡಿಸುವ ನೆಪದಲ್ಲಿ ಕೆಂಚನನ್ನು ಕಪಿಲೆಯ ದಂಡೆಗೆ ಹಿಡಿದುಕೊಂಡು ಹೋಗಿ, ಬರೀ ಬೆನ್ನ ಮೇಲೆ ಕೂತು ಒಬ್ಬನೇ ಓಡಾಡುತ್ತಿದ್ದೆ. ಆ ಕಾಲದಲ್ಲಿ ನನಗೆ ಅದಕ್ಕಿಂತ ದೊಡ್ಡ ಸುಖ ಬೇರೊಂದಿರಲಿಲ್ಲ.

1991ರ ಬೇಸಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ಅವತ್ತು ಕೆಂಚನನ್ನು ರೈಲು ಸೇತುವೆಯಿಂದ ಕಲ್ಲುಗುಂಡುಗಳವರೆಗೆ ದೌಡು ಓಡಿಸಿದೆ. ಮುಂದಿನ ಎಡಗಾಲಿನ ಲಾಳ ಕಿತ್ತುಹೋಯಿತು. ಕೆಂಚ ಎರಡೂ ಮಂಡಿಯೂರಿ ಬಿದ್ದ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ: “ನೀರು ಕುಡಿಸೋಕೆ ನಡೆಸ್ಕೊಂಡು ಹೋಗ್ತಿದ್ದೆ. ಲಾಳ ಕಳಚ್ತು, ಬಿದ್ದೋದ.”

ಆ ಲಾಳವನ್ನು ಕಟ್ಟಿ ಮೂರು ದಿನವಾಗಿತ್ತಷ್ಟೆ. ಕಟ್ಟಿದವನು ನಾಗಯ್ಯ, ಅಪ್ಪನಿಗೆ ಇಪ್ಪತ್ತು ವರ್ಷದ ಸ್ನೇಹಿತ. ಅಪ್ಪ ಸ್ಟ್ಯಾಂಡಿನಲ್ಲಿ, ಎಲ್ಲರ ಎದುರು, ಆ ಲಾಳವನ್ನು ಅವನ ಕಾಲ ಬುಡಕ್ಕೆ ಎಸೆದ. ನಾಗಯ್ಯ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದ.

“ಮೊಳೆ ಬಾಗವೆ ಮರಿಯಯ್ಯ. ನಡೆಯೋ ಕುದ್ರೇದು ಇಂಗೆ ಬಾಗಕಿಲ್ಲ. ಇದು ದೌಡು ಓಡೈತೆ.”

“ನನ್ ಮಗ ಸುಳ್ಳ ಅಂತೀಯಾ? ಅವ್ನಿಗೆ ಕುದ್ರೆ ಅತ್ತಕ್ಕೇ ಬರಕಿಲ್ಲ. ಬೇಕಾದ್ರೆ ಆಣೆ ಮಾಡ್ತೀನಿ!”

ಎಲ್ಲರೂ ನನ್ನತ್ತ ತಿರುಗಿದರು. ಬರುವುದಿಲ್ಲ ಎಂದು ನಾನು ತಲೆಯಾಡಿಸಿದೆ.

ಮಂಡಿಯ ಮೇಲೆ ಗಾಯದ ಗುರುತಿರುವ ಕುದುರೆಯ ಜಟಕಾಕ್ಕೆ ಯಾರೂ ಹತ್ತುವುದಿಲ್ಲ. ಒಂದು ಸಲ ಬಿದ್ದದ್ದು ಇನ್ನೊಂದು ಸಲ ಬೀಳುತ್ತದೆ ಎನ್ನುತ್ತಾರೆ. ಕೆಂಚ ಇಟ್ಟಿಗೆ ಗೂಡಿಗೆ ಹೋದ. ಅಪ್ಪ ಮಿಲ್ಲಿನ ಕೂಲಿಗೆ ಸೇರಿದ. ನಾಗಯ್ಯನ ಹತ್ತಿರ ಲಾಳ ಕಟ್ಟಿಸಲು ಆಮೇಲೆ ಒಂದು ಜಟಕಾವೂ ಹೋಗಲಿಲ್ಲ. ಮೂರು ತಿಂಗಳಲ್ಲಿ ಅವನು ಊರು ಬಿಟ್ಟ. ಹನ್ನೆರಡು ವರ್ಷ ನಾನು ಕುದುರೆಯ ಹತ್ತಿರ ಹೋಗಿರಲಿಲ್ಲ.

*

ದಿನಾ ಬೆಳಿಗ್ಗೆ ಆರಕ್ಕೆ ಹೊಳೆದಂಡೆಯ ಮರಳಿನ ಮೇಲೆ ಪಾಠ.

“ಬೆನ್ನು ನೆಟ್ಟಗೆ ಮೇಷ್ಟ್ರೇ. ರಾಗಿ ಮೂಟೆ ತರ ಕೂತ್ಕೋಬೇಡಿ. ದೊರೆ ನೀವು.”

ನಾನು ಮೂಟೆಯ ಹಾಗೇ ಕೂತೆ. ಬೇಕೆಂದೇ ಲಗಾಮನ್ನು ತಪ್ಪಾಗಿ ಹಿಡಿದೆ. ಬೇಕೆಂದೇ ಒಂದು ಸಲ ಜಾರಿದೆ. ಅವಳು ಓಡಿ ಬಂದು ತೋಳು ಹಿಡಿದಳು. ನಾನು ನೆಲದಲ್ಲಿ ನಿಂತ ಮೇಲೂ ಒಂದು ಕ್ಷಣ ಬಿಡಲಿಲ್ಲ. ಮಂಜಿನಲ್ಲಿ ಒದ್ದೆಯಾದ ಕೂದಲು ಅವಳ ಹಣೆಗೆ ಅಂಟಿತ್ತು. ಇಷ್ಟು ಹತ್ತಿರದಿಂದ ನನ್ನನ್ನು ನಂಬಿ ನೋಡುವ ಕಣ್ಣುಗಳನ್ನು ನಾನು ಎದುರಿಸಲಾರದೆ ಹೊಳೆಯ ಕಡೆ ತಿರುಗಿದೆ.

“ಬೇಕಂತಲೇ ಬೀಳ್ತಿದ್ದೀರಾ?”

“ಯಾಕೆ ಬೀಳ್ಲಿ?”

“ಅದನ್ನ ನಾನ್ ಹೇಳ್ಬೇಕಾ?” ಎಂದು ಮುಖ ತಿರುಗಿಸಿದಳು. ಕಿವಿಯವರೆಗೆ ಕೆಂಪಾಗಿದ್ದಳು.

ಮೈಗೆ ಸುಳ್ಳು ಹೇಳಲು ಬಹಳ ದಿನ ಬರುವುದಿಲ್ಲ. ಎರಡನೆಯ ವಾರ ಸುಬ್ಬಿ ಏನೋ ಹೊಳೆದಂತೆ ತಾನೇ ಕುಕ್ಕುಲೋಟಕ್ಕೆ ಬಿದ್ದಳು. ನನ್ನ ತೊಡೆಗಳು ತಾವೇ ಬಿಗಿದುಕೊಂಡವು, ಬೆನ್ನು ನೆಟ್ಟಗಾಯಿತು, ಗಾಳಿ ಶರ್ಟಿನೊಳಗೆ ನುಗ್ಗಿತು. ಹದಿನಾರರ ಆ ಸುಖ ಹಾಗೇ ಎದ್ದು ಬಂತು. ಮರುಕ್ಷಣವೇ ಕೆಂಚನ ಮಂಡಿಗಳೂ ನೆನಪಿಗೆ ಬಂದವು. ಲಗಾಮು ಎಳೆದು ನಿಲ್ಲಿಸಿದೆ.

“ಎಷ್ಟು ಚೆನ್ನಾಗಿ ಕೂತಿದ್ರಿ!” ಎಂದು ಅವಳು ಓಡಿ ಬಂದಳು. “ನಿಲ್ಸಿದ್ಯಾಕೆ? ಯಾಕೆ ಮುಖ ಹಂಗಾಯ್ತು?”

“ಲಾಳ ಸಡಿಲ ಆದಂಗಿತ್ತು.”

ಅವಳು ಕಾಲೆತ್ತಿ ನೋಡಿದಳು. “ಗಟ್ಟಿ ಇದೆಯಲ್ಲ. ಮೈಸೂರಿಂದ ಬಂದು ಕಟ್ಟಿ ಹೋಗ್ತಾರೆ, ತಿಂಗಳಿಗೊಂದ್ಸಲ.”

“ನಿಮ್ಮಪ್ಪ?” ಕೇಳಬಾರದಿತ್ತು. ಬಾಯಿಂದ ಬಂದುಬಿಟ್ಟಿತ್ತು.

“ಅಪ್ಪ ಕುದುರೆ ಕಾಲು ಮುಟ್ಟಲ್ಲ ಮೇಷ್ಟ್ರೇ. ಎತ್ತಿಗೆ ಕಟ್ತಿದ್ರು, ಕಣ್ಣು ಮಂಜಾಗೋವರ್ಗೂ. ಕುದುರೆಗೆ ಮಾತ್ರ ಇಲ್ಲ. ನಂಜನಗೂಡಲ್ಲಿ ಅಪ್ಪ ಕಟ್ಟಿದ ಲಾಳ ಕಳಚಿ ಒಂದು ಕುದುರೆ ಬಿತ್ತಂತೆ. ನಾನಾಗ ಸೋಮನಾಥಪುರದಲ್ಲಿ ಅಜ್ಜಿ ಮನೇಲಿದ್ದೆ. ಮೊದಮೊದಲು ಅಪ್ಪ, ನಂದು ತಪ್ಪಿಲ್ಲ, ನಂದು ತಪ್ಪಿಲ್ಲ ಅಂತಿದ್ರು. ಆಮೇಲೆ ಅದನ್ನ ಹೇಳೋದೂ ಬಿಟ್ರು. ನನ್ ಕೈಯೇ ಸರಿ ಇಲ್ಲ ಕಣವ್ವ ಅಂತಾರೆ ಈಗ.” ಅವಳು ಸುಬ್ಬಿಯ ಕತ್ತು ಸವರಿದಳು. “ನಾನು ಸುಬ್ಬೀನ ತಂದಿದ್ದೇ ಅದಕ್ಕೆ. ಮನೇಲೇ ಒಂದಿದ್ರೆ ಒಂದಿನ ಮುಟ್ತಾರೇನೋ ಅಂತ.”

ನಾನು ಇಳಿದು ಮರಳಿನ ಮೇಲೆ ಕೂತೆ. ಆಗಲೇ ಹೇಳಬೇಕಿತ್ತು. ಹೇಳಿದರೆ ಬೆಳಗಿನ ಆರು ಗಂಟೆ ಇನ್ನಿಲ್ಲ, ಆ ಕಣ್ಣುಗಳಿಲ್ಲ. ಮೆರವಣಿಗೆ ಮುಗಿಯಲಿ ಎಂದುಕೊಂಡೆ. ಹದಿನಾರರಲ್ಲಿಯೂ ನಾನು ಹೀಗೇ, ನಾಳೆ ಹೇಳಿದರಾಯಿತು ಎಂದುಕೊಂಡಿದ್ದೆ.

*

ನವೆಂಬರ್ ಒಂದರಂದು ರಟ್ಟಿನ ಕಿರೀಟ ಹೊತ್ತು ಸುಬ್ಬಿಯ ಮೇಲೆ ಕೂತು ಹೊರಟೆ. ರೋಜಾ ಹಳದಿ ಸೀರೆಯುಟ್ಟು, ಲಗಾಮು ಹಿಡಿದು, ಊರೆಲ್ಲ ಪಕ್ಕದಲ್ಲೇ ನಡೆದಳು. ಅವಳ ಪಕ್ಕದ ಮನೆಯ ಪಾಪಮ್ಮ ಜಗಲಿಯ ಮೇಲಿಂದ ಕೂಗಿದಳು: “ಲೇ ರೋಜಾ, ದೊರೆ ಕೈಗೆ ಸಿಕ್ಕವ್ನೆ, ಬುಟ್ಟುಬುಡಬ್ಯಾಡ!”

ಮಕ್ಕಳೆಲ್ಲ ನಕ್ಕರು. ರೋಜಾ ತಲೆ ಎತ್ತಲಿಲ್ಲ. ಆದರೆ ಲಗಾಮಿನ ಮೇಲಿದ್ದ ಅವಳ ಬೆರಳು ನನ್ನ ಪಾದಕ್ಕೆ ತಾಗಿತು. ಹಾಗೇ ಇತ್ತು.

ಮಾರನೆಯ ಬೆಳಿಗ್ಗೆಯೂ ಆರಕ್ಕೆ ಹೊಳೆದಂಡೆಗೆ ಹೋದೆ. ಅವಳು ಮೊದಲೇ ಬಂದಿದ್ದಳು.

“ಮೆರವಣಿಗೆ ಮುಗೀತಲ್ಲ ಮೇಷ್ಟ್ರೇ. ಇನ್ನೂ ಯಾಕೆ ಬಂದ್ರಿ?”

“ನೀವ್ಯಾಕೆ ಬಂದ್ರಿ?” ಎನ್ನುತ್ತ ಸುಬ್ಬಿಯ ಲಗಾಮು ಹಿಡಿದುಕೊಂಡೆ.

“ನನ್ ಕುದುರೆ, ನಾನ್ ಬರ್ತೀನಿ.” ಸ್ವಲ್ಪ ಹೊತ್ತು ಹುಬ್ಬು ಗಂಟಿಕ್ಕಿಕೊಂಡು ಸುಬ್ಬಿಯ ಕತ್ತಿನ ಕೂದಲ ಸಿಕ್ಕು ಬಿಡಿಸಿದಳು. “ಮೂರು ವಾರದಿಂದ ಏನೋ ಹೇಳೋಕೆ ಬಾಯಿ ತೆಗೀತೀರ, ಮುಚ್ಕೊತೀರ. ನಂಗೆ ಗೊತ್ತಾಗಲ್ವಾ? ಹೇಳಿಬಿಡಿ. ನಾನೇನು ಬೇಡ ಅನ್ನಲ್ಲ.”

ಅವಳು ಕಾಯುತ್ತಿದ್ದ ಮಾತು ಯಾವುದೆಂದು ನನಗೆ ಗೊತ್ತಿತ್ತು. ಆ ಮಾತೂ ನನ್ನಲ್ಲಿತ್ತು. ಆದರೆ ಅದರ ಮುಂದೆ ಇನ್ನೊಂದು ಅಡ್ಡ ಕೂತಿತ್ತು.

“ಆ ಕುದುರೆ ನಮ್ಮದು ರೋಜಾ. ಮರಿಯಯ್ಯ ನನ್ನಪ್ಪ. ನಿಮ್ಮಪ್ಪ ಕಟ್ಟಿದ ಲಾಳ ಸರಿಯಾಗೇ ಇತ್ತು. ಕೆಂಚನ್ನ ಕಲ್ಲಿನ ಮೇಲೆ ದೌಡು ಓಡಿಸಿದೋನು ನಾನು. ಎಲ್ಲರ ಮುಂದೆ ಸುಳ್ಳು ಹೇಳಿದೋನೂ ನಾನೇ.”

ಅವಳು ಅಳಲಿಲ್ಲ, ಬೈಯಲಿಲ್ಲ. ನನ್ನ ಕೈಯಿಂದ ಲಗಾಮನ್ನು ತೆಗೆದುಕೊಂಡಳು.

“ಮೊದಲ್ನೇ ದಿನ ಅಪ್ಪನ್ನ ನೋಡ್ದಾಗ್ಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಜಾರಿ ಬಿದ್ರಲ್ಲ. ಅದೂ ಸುಳ್ಳಾ?”

ಸುಬ್ಬಿಯ ಮೇಲೆ ಹತ್ತಿ ಕೂತು ಅವಳು ಒಬ್ಬಳೇ ಹೊರಟುಹೋದಳು. ನಾನು ನಡೆದು ಅವಳ ಮನೆ ಮುಟ್ಟುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದಳು. “ನಾನ್ ಹೇಳಿಲ್ಲ. ನೀವೇ ಹೇಳಿ,” ಎಂದು ಪಕ್ಕಕ್ಕೆ ಸರಿದಳು.

ನಾಗಯ್ಯ ಕೊನೆಯವರೆಗೂ ಮಧ್ಯೆ ಮಾತಾಡದೆ ಕೇಳಿದ. ಆಮೇಲೆ ಕೇಳಿದ್ದು ಇಷ್ಟೇ: “ಎಲ್ಲಿಂದ ಎಲ್ಲಿಗಂಟ ಓಡಿಸ್ದೆ?”

“ರೈಲು ಸೇತುವೆಯಿಂದ ಕಲ್ಲುಗುಂಡಿನವರೆಗೆ.”

“ಮೊಳೆ ನೀನೂ ನೋಡ್ದಾ?”

“ನೋಡಿದೆ. ಲಾಳದಲ್ಲಿ ಉಳಿದಿದ್ದ ಐದೂ ಬಾಗಿದ್ದವು.”

“ಐದೂವೆ.” ಅವನು ಅಂಗೈಗಳನ್ನು ಕಣ್ಣಿನ ಹತ್ತಿರ ತಂದು ತಿರುಗಿಸಿ ನೋಡಿಕೊಂಡ. “ಅಂಗಾರೆ ನಾನ್ ಯೋಳಿದ್ದೇ ಸರಿ. ಸರಿಯಾಗ್ ಯೋಳಿದ್ದೆ ಅನ್ನೋದು ನನ್ಗೇ ಮರ್ತೋಗಿತ್ತು ಕಣಪ್ಪ.”

ನಾನು ಅವನ ಕಾಲಿಗೆ ಬಗ್ಗಿದೆ. ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡ. “ಅದು ಆಮ್ಯಾಕೆ. ನಿಮ್ಮಪ್ಪಂಗೆ ಯೋಳಿದ್ದೀಯಾ?”

“ಇಲ್ಲ.”

“ಇಡೀ ಸ್ಟ್ಯಾಂಡ್ ಮುಂದೆ ಓದ ಮಾನ ಇಲ್ಲಿ ಮೂಲೇಲಿ ಕೂತು ಕೊಟ್ರೆ ಬಂದ್ಬುಡ್ತದಾ? ಅಲ್ಲೇ ಓಗಿ ಯೋಳು.”

ರೋಜಾ ನನ್ನ ಕಡೆ ನೋಡದೆ ಹೇಳಿದಳು: “ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ? ಮಗನಿಗೆ ಹತ್ತೋಕೇ ಬರಲ್ಲ ಅಂತ ಆಣೆಗೆ ನಿಂತೋರು ಅವ್ರು. ಬರೋ ಭಾನುವಾರ ಸುಬ್ಬಿ ಹತ್ಕೊಂಡು ಹೋಗಿ. ನಾನು ಬಸ್ಸಲ್ಲಿ ಬರ್ತೀನಿ. ನಿಮಗೋಸ್ಕರ ಅಲ್ಲ, ಸುಬ್ಬಿಗೋಸ್ಕರ.”

*

ನರಸೀಪುರದಿಂದ ನಂಜನಗೂಡಿಗೆ ಹದಿನೇಳು ಮೈಲಿ. ಬೆಳಕು ಹರಿಯುವಾಗ ಹೊರಟವನು ನೀರು ಕಂಡಲ್ಲೆಲ್ಲ ಸುಬ್ಬಿಯನ್ನು ನಿಲ್ಲಿಸುತ್ತ, ಹನ್ನೊಂದರ ಹೊತ್ತಿಗೆ ಸ್ಟೇಷನ್ ಮುಂದೆ ತಲುಪಿದೆ. ಜಟಕಾ ಸ್ಟ್ಯಾಂಡಿನ ತುಂಬ ಆಟೋಗಳು. ಜಟಕಾ ಉಳಿದದ್ದು ಮೂರೇ. ಮಿಲ್ಲಿನ ಕೆಲಸ ಬಿಟ್ಟ ಮೇಲೆ ಅಪ್ಪ ದಿನಾ ಬಂದು ಕೂರುತ್ತಿದ್ದುದು ಅಲ್ಲೇ, ಹಳೆಯ ಜೊತೆಗಾರರ ನಡುವೆ. ರೋಜಾ ಟೀ ಅಂಗಡಿಯ ಪಕ್ಕ ನಿಂತಿದ್ದಳು.

“ಏ, ಮರಿಯಯ್ಯನ ಮಗ ಕಣ್ರಲಾ!” ಎಂದು ಯಾರೋ ಕೂಗಿದರು.

ಅಪ್ಪ ಸಾಸರಿನಿಂದ ಬಾಯಿ ತೆಗೆದು ನೋಡಿದ. ಮುಖ ಅರಳಿತು. “ಏನ್ಲಾ ಸಿದ್ದ ಇದು! ನಿಂಗೆ ಯಾವಾಗ್ಲಾ ಬಂತು ಕುದ್ರೆ?”

“ಮೊದಲಿಂದ್ಲೂ ಬರ್ತಿತ್ತು ಅಪ್ಪ.”

ಅಷ್ಟು ಸಾಕಾಯಿತು. ಅವನ ನಗು ಮುಖದ ಮೇಲೇ ನಿಂತುಹೋಯಿತು. ನಾನು ಇಳಿದು, ಉಳಿದದ್ದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಆಟೋದವರೂ ಎಂಜಿನ್ ಆಫ್ ಮಾಡಿ ಕೇಳಿದರು. ಹೊಡೆಯಲಿ ಎಂದು ಕಾದೆ. ಅಪ್ಪ ಸಾಸರನ್ನು ಮೆಲ್ಲಗೆ ಕೆಳಗಿಟ್ಟ.

“ನಾಗಯ್ಯ ಬದ್ಕವ್ನಾ?”

“ಇದಾರೆ.” ರೋಜಾ ಮುಂದೆ ಬಂದಳು. “ನಾನು ಅವರ ಮಗಳು.”

ಅಪ್ಪ ಹೆಗಲ ಮೇಲಿದ್ದ ಟವಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ತನಗಿಂತ ಮೂವತ್ತು ವರ್ಷ ಚಿಕ್ಕವಳ ಎದುರು ತಲೆ ತಗ್ಗಿಸಿ ನಿಂತ. “ನರಸೀಪುರದ್ ಬಸ್ಸು ಎಷ್ಟೊತ್ಗವ್ವ?”

“ಹನ್ನೆರಡೂವರೆಗೈತೆ ಮಾವ.”

ಮಾವ ಎಂದಳು. ಹಿರಿಯರನ್ನು ಎಲ್ಲರೂ ಕರೆಯುವುದು ಹಾಗೆಯೇ. ನಾನು ಅದರಲ್ಲಿ ಬೇರೆ ಏನನ್ನೂ ಹುಡುಕಬಾರದು ಎಂದುಕೊಂಡೆ.

“ನಡಿ ಮತ್ತೆ. ಅವ್ನು ಬೈಯ್ದಷ್ಟೂ ಬೈಯ್ಲಿ. ಕೂತು ಕೇಳಿಸ್ಕೊಂಡು ಬತ್ತೀನಿ,” ಎಂದು ಅಪ್ಪ ಬಸ್ ಸ್ಟ್ಯಾಂಡಿನ ಕಡೆ ಹೊರಟ. ನನ್ನತ್ತ ಒಂದು ಸಲವೂ ತಿರುಗಲಿಲ್ಲ. ರೋಜಾ ಅವನ ಹಿಂದೆ ಹೋದಳು.

ಸುಬ್ಬಿಗೆ ಹುರುಳಿ ತಿನ್ನಿಸಿ, ಸುಧಾರಿಸಿಕೊಳ್ಳಲು ಬಿಟ್ಟು, ಬಿಸಿಲು ತಗ್ಗುವ ಮೊದಲೇ ನಾನೂ ಹೊರಟೆ. ಊರಾಚೆ ಒಂದು ಫರ್ಲಾಂಗು ಹೋಗಿರಬೇಕು, ಹಿಂದಿನಿಂದ ಹಾರನ್ ಕೇಳಿಸಿತು. ಹನ್ನೆರಡೂವರೆಯ ಬಸ್ಸು ಎರಡು ಗಂಟೆ ತಡವಾಗಿ ಈಗ ಬರುತ್ತಿತ್ತು. ಸುಬ್ಬಿಯನ್ನು ಪಕ್ಕಕ್ಕೆ ತೆಗೆದುಕೊಂಡೆ.

ಬಸ್ಸು ನಮ್ಮ ಸಮಕ್ಕೆ ಬಂದಾಗ ಕಿಟಕಿಯಲ್ಲಿ ಅಪ್ಪನ ಬಿಗಿದ ಮುಖ ಕಂಡಿತು. ಅವನ ಹಿಂದಿನ ಸೀಟಿನಿಂದ ರೋಜಾ ಕತ್ತು ಹೊರಗೆ ಹಾಕಿದಳು. ಗಾಳಿಗೆ ಕೂದಲೆಲ್ಲ ಮುಖದ ಮೇಲೆ ಹಾರುತ್ತಿತ್ತು. ಒಂದು ವಾರದ ಮೇಲೆ ಮೊದಲ ಸಲ ನನ್ನ ಕಣ್ಣನ್ನು ನೇರ ನೋಡಿದಳು. ಸಿಟ್ಟು ಇನ್ನೂ ಅಲ್ಲೇ ಇತ್ತು.

“ಓಡಿಸ್ಬೇಡಿ!” ಎಂದು ಕೂಗಿದಳು. “ನಿಧಾನಕ್ಕೆ ಬನ್ನಿ. ಎಷ್ಟೊತ್ತಾದ್ರೂ ಕಾಯ್ತೀನಿ.”