ಥಂಡಿಯಲ್ಲಿಟ್ಟ ಗಡಿಯಾರ

ನಾಣ್ಯದಷ್ಟಗಲದ ಸೆಲ್ಲಿಗೆ ಅರವತ್ತು ರೂಪಾಯಿ. ಬಿಚ್ಚಿ ಜೋಡಿಸುವ ಕೂಲಿ ನೂರು. ಬ್ಯಾಡಗಿ ಮೆಣಸಿನಕಾಯಿಯ ಘಾಟಿಗೆ ಬಂದ ಸೀನು ಮಾತ್ರ ಪುಕ್ಕಟೆ!

ರಾಣೆಬೆನ್ನೂರಿನ ಅಪ್ಪನ ರಿಪೇರಿ ಅಂಗಡಿಯಲ್ಲಿ ಅರುಣಾ ಗಿರಾಕಿಯ ದಪ್ಪ ಲ್ಯಾಪ್‌ಟಾಪಿನ ತಳ ಬಿಚ್ಚಿದೊಡನೆ ಸಂದುಗಳಲ್ಲಿದ್ದ ಕೆಂಪು ಧೂಳು ಮೂಗಿಗೇರಿತು. ಆಕೆ ಸೀನಿದಳು. ಎದುರಿಗಿದ್ದವನೂ ಸೀನಿದ.

"ಬ್ಯಾಡಗ್ಯಾವ್ರಿಗೂ ಘಾಟ ಹತ್ತತೈತೇನ್ರಿ?"

"ಇಲ್ರಿ. ನೀವು ಸೀನಿದ್ರಿ... ಜೊತಿಗಿರ್ಲಿ ಅಂತ!"

ಒದ್ದೆಗಣ್ಣಲ್ಲೇ ಇಬ್ಬರೂ ನಕ್ಕರು.

ಹುಲಿಗೇಶ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಗುಮಾಸ್ತ. ಎತ್ತಿ ಒಗೆದರೂ ಒಡೆಯದ ಲ್ಯಾಪ್‌ಟಾಪು ಅದು. ಆದರೆ ಒಳಗಿನ ಗಡಿಯಾರದ ಸೆಲ್ ಸತ್ತು, ಹಚ್ಚಿದಾಗಲೆಲ್ಲ ೨೦೦೮ರ ತಾರೀಖು ಹೋಗಿ ೨೦೦೦ದ ಜನವರಿ ಒಂದು ಬರುತ್ತಿತ್ತು.

ಅರುಣಾ ಹೊಸ ಸೆಲ್ ಕೂಡಿಸಿದಳು. ಅವನು ಹೋದ... ಅವಳ ಮನಸ್ಸೂ ಬ್ಯಾಡಗಿಯ ರೈಲು ಹತ್ತಿತು. ಕೆಂಪು ಹಾಸಿದಂಥ ಮೆಣಸಿನಕಾಯಿ ಬಯಲು, ನಡುವೆ ಅವನ ನಗು...

ತಿಂಗಳಾಗಿರಲಿಲ್ಲ, ಫೋನು ಬಂತು. "ತಾರೀಖು ಮತ್ತ ಹಿಂದ ಹೋಗೇತ್ರಿ."

ಅಪ್ಪ ಪರಮೇಶಪ್ಪ ಕೇಳಿಸಿಕೊಂಡ. "ಹಳೇ ಸೆಲ್ ಹಾಕಿ ಕಳಿಸೀಯೇನವಾ? ಸಾಕು, ಇನ್ನ ರಿಪೇರಿ ಬ್ಯಾಡ. ಮೊಬೈಲ್ ರೀಚಾರ್ಜ್ ಅಷ್ಟ ಮಾಡು."

ಈ ಕೆಲಸ ಬಿಟ್ಟರೆ ನನ್ನದೆನ್ನುವುದು ಏನಿದೆ? ಅವನಿಗೂ ನನ್ನ ಕೈಮೇಲೆ ನಂಬಿಕೆ ಹೋಯಿತೇ...?

ಮರುದಿನ ಹುಲಿಗೇಶ ಬಂದ. ಅವಳು ಮುಖ ನೋಡಲಿಲ್ಲ. ಅಪ್ಪನೆದುರೇ ತಳ ಬಿಚ್ಚಿದಳು.

ಒಳಗೆ ನೀರಹನಿ! ಸೆಲ್ಲಿನ ಅಂಚಿಗೆ ಕಿಲುಬು.

"ಎಲ್ಲಿಡ್ತೀರಿ ಇದನ್ನ?"

"ಕೋಲ್ಡ್ ಸ್ಟೋರೇಜಿನ್ಯಾಗರಿ. ದಿನಾ ಸಂಜೀಕ, ಚೀಲದ ಮ್ಯಾಲ."

"ಯಾಕ?!"

ಅವನು ತಲೆ ತಗ್ಗಿಸಿದ. "ಥಂಡ್ಯಾಗಿಟ್ರ ಮೆಣಸಿನಕಾಯಿ ವರ್ಷಗಟ್ಲೆ ಬಣ್ಣ ಕೆಡಂಗಿಲ್ಲಲ್ರಿ... ನೀವು ಕೈಯಾರೆ ಹಾಕಿದ್ದು. ಅದೂ ಬಾಳ ದಿನ ಇರ್ಲಿ ಅಂತ..."

"ಅಯ್ಯ! ಥಂಡ್ಯಾಗಿಂದ ಹೊರಗ ತಂದ್ರ ಒಳಗ ನೀರು ಕೂಡತೈತ್ರಿ!"

ಪರಮೇಶಪ್ಪ ಹೊಟ್ಟೆ ಹಿಡಿದು ನಕ್ಕ. ಸ್ಕ್ರೂಡ್ರೈವರನ್ನು ಮಗಳ ಕಡೆ ಸರಿಸಿದ. "ತಪ್ಪು ನಂದವಾ. ಇನ್ನೊಂದು ಕೂಡ್ಸು ನೀನ. ನಾ ಚಾ ಹೇಳಿ ಬರ್ತೀನಿ."

ಅಂಗಡಿಯಲ್ಲಿ ಇಬ್ಬರೇ ಉಳಿದರು.

"ಸಿಟ್ಟೈತೇನ್ರಿ?"

"ಐತಿ. ಸೆಲ್ ಬಾಳ ದಿನ ಬಂದ್ರ ನೀವು ಬರೋದು ಹೆಂಗ ಅಂತ ವಿಚಾರಾನ ಮಾಡ್ಲಿಲ್ಲಲ್ಲ... ಅದಕ್ಕ!"

ಹುಲಿಗೇಶ ಮುಂದೆ ಬಾಗಿದ. "ಹಂಗಾದ್ರ... ಏನೂ ಕೆಡ್ಲಾರ್ದನ ಬರ್ಲೇನ್ರಿ? ನಮ್ಮವ್ವನ್ನ ಕರ್ಕೊಂಡು?"

"ಬರ್ರಿ," ಎಂದಳು ಅರುಣಾ, ಕೊನೆಯ ಸ್ಕ್ರೂ ಬಿಗಿಯುತ್ತ. "ಇದನ್ನಷ್ಟು ಬೆಚ್ಚಗಿಡ್ರಿ."

ಎರಡನೆಯ ಸೆಲ್ಲಿಗೆ ಅವಳು ದುಡ್ಡು ತೆಗೆದುಕೊಳ್ಳಲಿಲ್ಲ. ಅಂಗಡಿಗೆ ಅರವತ್ತು ರೂಪಾಯಿ ಲುಕ್ಸಾನಾಯಿತು. ಅವಳ ಕೆಲಸ ಉಳಿಯಿತು, ಹುಲಿಗೇಶ ಸಿಕ್ಕ.